ಎಲೆ ಬಿದ್ದ ಸದ್ದಿಗೆ ಎಪ್ಪತ್ತು ಸಾವಿರ

ನಮ್ಮ ಮನೆಯ ಟಿವಿ ಅರ್ಥವಾಗುವಂತೆ ಮಾತಾಡುವುದನ್ನು ನಿಲ್ಲಿಸಿ ಎರಡು ವರ್ಷವಾಯಿತು. ಬಾಯಿ ಆಡುತ್ತದೆ, ಸದ್ದೂ ಬರುತ್ತದೆ, ನಾಯಕ ಹೇಳಿದ್ದೇನು ಎಂದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಖಡಕ್ ರೊಟ್ಟಿಯಷ್ಟು ತೆಳ್ಳಗೆ ಗೋಡೆಗೆ ಅಂಟಿಕೊಳ್ಳಬೇಕೆಂದು ಕಂಪನಿಯವರು ಸ್ಪೀಕರುಗಳನ್ನು ಟಿವಿಯ ಹಿಂಬದಿಗೆ ತುರುಕಿದ್ದಾರೆ. ಹೀಗಾಗಿ ನಾಯಕನ ಮಾತನ್ನು ಮೊದಲು ಗೋಡೆ ಕೇಳಿಸಿಕೊಳ್ಳುತ್ತದೆ, ಉಳಿದದ್ದು ನಮ್ಮ ಪಾಲಿಗೆ. ಕನ್ನಡ ಸಿನಿಮಾವನ್ನು ಇಂಗ್ಲಿಷ್ ಅಡಿಬರಹ ಓದಿಕೊಂಡು ನೋಡುವ ಸ್ಥಿತಿಗೆ ನಾವು ಇಳಿದಿರುವುದನ್ನು ಕಂಡು ಹೈದರಾಬಾದಿನಲ್ಲಿ ನೌಕರಿ ಮಾಡುವ ಮಗ ಫೋನಿನಲ್ಲಿ ಹೇಳಿದ: "ಅಪ್ಪಾ, ಟಿವಿಯ ಸದ್ದನ್ನು ಸ್ಪೀಕರುಗಳಿಗೆ ಹಂಚುವ ಒಳ್ಳೆಯ ರಿಸೀವರ್, ಜೊತೆಗೆ ಸ್ಪೀಕರ್ ತೆಗೆದುಕೊಂಡುಬಿಡಿ. ಸಿನಿಮಾದಲ್ಲಿ ಒಂದು ಒಣ ಎಲೆ ಬಿದ್ದರೆ ನಿಮ್ಮ ಬೆನ್ನ ಹಿಂದೆಯೇ ಬಿದ್ದಂತೆ ಕೇಳಿಸುತ್ತದೆ."

ಕಲಬುರಗಿಯ ಮೇ ತಿಂಗಳಲ್ಲಿ ಎಲೆ ಬೀಳಬೇಕಾದರೆ ಮೊದಲು ಅದು ಗಿಡದಲ್ಲಿ ಉಳಿದಿರಬೇಕು. ಆದರೂ ಒಪ್ಪಿದೆ.

ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದಕ್ಕೆ ಹೋದೆ. ಹುಡುಗನೊಬ್ಬ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನನ್ನ ಯೋಗ್ಯತೆಗೆ ತಕ್ಕ ಡಬ್ಬಿಯೊಂದನ್ನು ಎಳೆದು ತಂದ. ಅದರ ಮೇಲೆ ಬೆಂಕಿ ಉಗುಳುವ ಹುಲಿಯ ಚಿತ್ರ. "ಕಾಕಾ, ಇದನ್ನು ನೋಡಿ. ಹತ್ತು ಸಾವಿರ ವ್ಯಾಟ್." ನಾನು ಡಬ್ಬಿಯನ್ನು ತಿರುಗಿಸಿ ಹಿಂದಿನ ಚೀಟಿ ಓದಿದೆ. 230 ವೋಲ್ಟ್, 50 ಹರ್ಟ್ಸ್, 60 ವ್ಯಾಟ್.

"ಒಳಗೆ ಹೋಗುವುದು ಅರವತ್ತು, ಹೊರಗೆ ಬರುವುದು ಹತ್ತು ಸಾವಿರವೇ?"

"ಅದು ಪಿಎಂಪಿಒ, ಕಾಕಾ."

ಅವನು ಅದನ್ನು ದೇವರ ಹೆಸರಿನಂತೆ ಹೇಳಿದ. ಒಂದರ್ಥದಲ್ಲಿ ಅದು ದೇವರೇ, ಯಾರೂ ಅಳೆದು ನೋಡಿಲ್ಲ. ಪಿಎಂಪಿಒ, ಅಂದರೆ ಸಂಗೀತದ ಒಂದು ಕ್ಷಣದ ಗರಿಷ್ಠ ಶಕ್ತಿ ಎಂಬುದನ್ನು ಅಳೆಯಲು ಎಲ್ಲರೂ ಒಪ್ಪಿದ ಪದ್ಧತಿಯೇ ಇಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲದ ಉಬ್ಬರವೊಂದನ್ನು ಊಹಿಸಿಕೊಂಡು, ಮುಂದೆ ಬೇಕಾದಷ್ಟು ಸೊನ್ನೆ ಹಾಕಿಕೊಳ್ಳಬಹುದು. ನಿಜಕ್ಕೂ ಹತ್ತು ಸಾವಿರ ವ್ಯಾಟ್ ಬೇಕಾದರೆ ಗೋಡೆಯ ಪ್ಲಗ್ಗಿನಿಂದ 43 ಆಂಪಿಯರ್ ಎಳೆಯಬೇಕು. ನಮ್ಮ ಮನೆಯ ಪ್ಲಗ್ಗು 6 ಆಂಪಿಯರಿನದು, ಇಸ್ತ್ರಿ ಪೆಟ್ಟಿಗೆ ಹಾಕಿದರೇ ಮುಖ ಕಪ್ಪಾಗುತ್ತದೆ. ಅಲ್ಲಿಯೇ ನಿಂತು ಇನ್ನೊಂದು ಲೆಕ್ಕ ಹಾಕಿದೆ: ಪಕ್ಕದ ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಸಾಮರ್ಥ್ಯ 1720 ಮೆಗಾವ್ಯಾಟ್. ಇಂಥ 1,72,000 ಡಬ್ಬಿಗಳನ್ನು ಸಾಲಾಗಿ ಜೋಡಿಸಿದರೆ ಆ ಸ್ಥಾವರಕ್ಕೆ ಬೀಗ ಹಾಕಬಹುದು. ಕಲ್ಲಿದ್ದಲು ಬೇಡ, ಕೃಷ್ಣಾ ನದಿಯ ನೀರು ಬೇಡ, ಹುಲಿಯ ಚಿತ್ರವೊಂದಿದ್ದರೆ ಸಾಕು.

"ಡಬ್ಬಿ ಬೇಡ, ರಿಸೀವರ್ ತೋರಿಸು" ಎಂದಾಗ ಹುಡುಗನ ಗೌರವ ಹೆಚ್ಚಿತು. ಕಾಕಾ ಹೋಗಿ ಸರ್ ಆದೆ. ಇದು ದೊಡ್ಡವರ ವಸ್ತು, ಇದರ ಸುಳ್ಳೂ ನಯವಾಗಿರುತ್ತದೆ. ಎದುರಿಗೆ ದಪ್ಪ ಅಕ್ಷರದಲ್ಲಿ ಪ್ರತಿ ಚಾನೆಲಿಗೆ, ಅಂದರೆ ಒಂದೊಂದು ಸ್ಪೀಕರಿಗೆ ಸದ್ದು ಹೋಗುವ ದಾರಿಗೆ, 140 ವ್ಯಾಟ್ ಎಂದಿತ್ತು. ಅದರ ತಲೆಯ ಮೇಲೊಂದು ನಕ್ಷತ್ರ. ಆ ನಕ್ಷತ್ರದ ಬೆನ್ನು ಹತ್ತಿ ಡಬ್ಬಿಯ ತಳಕ್ಕೆ ಹೋದರೆ, ಕನ್ನಡಕ ಸರಿಪಡಿಸಿಕೊಂಡು ಓದಬೇಕಾದ ಅಕ್ಷರಗಳಲ್ಲಿ ಬರೆದಿತ್ತು: 6 ಓಮ್, 1 ಕಿಲೋಹರ್ಟ್ಸ್, ಶೇಕಡಾ 10 ವಿರೂಪ, ಒಂದೇ ಚಾನೆಲ್ ದುಡಿಯುವಾಗ.

ಒಂದೇ ಚಾನೆಲ್ ದುಡಿಯುವಾಗ! ಏಳು ಜನ ಅಣ್ಣತಮ್ಮಂದಿರ ಮನೆ ಇದೆ, ಅಲ್ಲಿ ಪ್ರತಿಯೊಬ್ಬನಿಗೂ ಇಪ್ಪತ್ತು ರೊಟ್ಟಿ ಸಿಗುತ್ತದೆ, ಉಳಿದ ಆರು ಜನ ಉಪವಾಸವಿದ್ದರೆ. ಇನ್ನು ಶೇಕಡಾ 10 ವಿರೂಪವೆಂದರೆ ನೂರು ತೊಗರಿ ಕಾಳಿನಲ್ಲಿ ಹತ್ತು ಕಲ್ಲು. ನಮ್ಮ ಗಂಜ್ ಮಾರುಕಟ್ಟೆಯಲ್ಲಿ ಅಂಥ ಚೀಲ ಇಳಿಸಿದರೆ ಅಡತಿಯವರು ಅಂಗೈಯಲ್ಲಿ ಒಂದು ಹಿಡಿ ನೋಡಿಯೇ ಗಾಡಿ ತಿರುಗಿಸು ಎನ್ನುತ್ತಾರೆ. ಇಲ್ಲಿ ಅದಕ್ಕೆ ನಕ್ಷತ್ರ ಹಚ್ಚಿ ಗಾಜಿನ ಕಪಾಟಿನಲ್ಲಿ ಇಡುತ್ತಾರೆ.

ಯಾರನ್ನು ಕೇಳುವುದು? ಕೊನೆಗೆ ನನಗೆ ಜ್ಞಾನೋದಯ ಮಾಡಿಸಿದವನು ನಮ್ಮ ಓಣಿಯ ಹಿಂದೆ ಟ್ರ್ಯಾಕ್ಟರ್ ನಿಲ್ಲಿಸುವ ಡಿಜೆ ಹುಡುಗ. ಮೆರವಣಿಗೆಗಳಲ್ಲಿ ಎರಡಾಳೆತ್ತರದ ಸ್ಪೀಕರ್ ಗೋಡೆ ಕಟ್ಟಿ ನಮ್ಮ ಕಿಟಕಿಯ ಗಾಜು ಅಲುಗಾಡಿಸುವವನು. ಹತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ ಎರಡು ಸಲ ನಮಸ್ಕಾರ ಹಾಕಿದವನಂತೆ. ಆದರೆ ಇಡೀ ಊರಿನಲ್ಲಿ ನನಗೆ ಸಿಕ್ಕ ಒಬ್ಬನೇ ಪ್ರಾಮಾಣಿಕ ಧ್ವನಿ ತಜ್ಞ ಅವನು.

"ಕಾಕಾ, ವ್ಯಾಟ್ ಕೇಳಬೇಡಿ" ಎಂದ, ಹದಿನೆಂಟು ಇಂಚಿನ ಬೇಸ್ ಸ್ಪೀಕರಿನ ಧೂಳನ್ನು ಬನಿಯನ್ನಿನಿಂದ ಒರೆಸುತ್ತ. "ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಬರುತ್ತದೆ, ಅದನ್ನು ಕೇಳಿ. 88 ಇದ್ದರೆ ನಿಮ್ಮ ಖೋಲಿಗೆ ಬೇಕಾದಷ್ಟಾಯಿತು. ವ್ಯಾಟ್ ಎರಡು ಪಟ್ಟು ಮಾಡಿದರೂ ಸಿಗುವುದು ಮೂರೇ ಡೆಸಿಬಲ್. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ವ್ಯಾಟ್ ಹತ್ತು ಪಟ್ಟಾಗಬೇಕು, ಅಂದರೆ ಹತ್ತು ಡೆಸಿಬಲ್ ಏರಬೇಕು. ಆಮೇಲೆ, ರಿಸೀವರಿನ ಬೆನ್ನಿನ ಮೇಲೆ 6 ಓಮ್ ಎಂದು ಬರೆದಿದ್ದರೆ 4 ಓಮಿನ ಸ್ಪೀಕರ್ ಕಟ್ಟಬೇಡಿ. ಓಮ್ ಎಂದರೆ ಸ್ಪೀಕರ್ ಒಡ್ಡುವ ತಡೆ, ಅದು ಕಡಿಮೆಯಾದರೆ ಯಂತ್ರ ಬಿಸಿಯಾಗಿ ಮಲಗಿಬಿಡುತ್ತದೆ. ನಮ್ಮ ಊರಿನ ಬಿಸಿಲು ಬೇರೆ."

"ಪಿಎಂಪಿಒ?"

ಅವನು ನಕ್ಕ. "ನನ್ನದು ಜನರೇಟರ್ ಕಾಕಾ. ಡೀಸೆಲ್ ಸುಳ್ಳು ಹೇಳುವುದಿಲ್ಲ."

ಇಷ್ಟು ಲೆಕ್ಕ ತಿಳಿದವನಿಗೆ ಇನ್ನೊಂದು ಲೆಕ್ಕವೂ ತಿಳಿದಿರಬೇಕು ಎಂದು, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದಲ್ಲವೇ ಎಂದು ಕೇಳಿದೆ.

"ಗೊತ್ತು ಕಾಕಾ. ಅಷ್ಟು ಸದ್ದನ್ನು ಜನರೇಟರೇ ಮಾಡಿಬಿಡುತ್ತದೆ. ಆಂಪ್ಲಿಫೈಯರ್ ಆನ್ ಮಾಡುವ ಮೊದಲೇ ನಿಯಮ ಮುಗಿದಿರುತ್ತದೆ." ಅನುಮತಿ ಪತ್ರ ಇದೆಯೇ ಎಂದೆ. ಇದೆ, 'ನಿಯಮಗಳಿಗೆ ಒಳಪಟ್ಟು' ಎಂದು ಬರೆದು ಮೊಹರು ಹಾಕಿದ್ದಾರೆ, ಆಂಪ್ಲಿಫೈಯರಿನ ಪೆಟ್ಟಿಗೆಗೆ ಅಂಟಿಸಿದ್ದೇನೆ, ಬೇಸಿನ ಹೊಡೆತಕ್ಕೆ ಎರಡು ಸಲ ಉದುರಿ ಬಿದ್ದಿತ್ತು ಎಂದ.

ಅದೇ ನಿಯಮದಲ್ಲಿ ಇನ್ನೊಂದು ರಸವತ್ತಾದ ಮಾತಿದೆ. ಸದ್ದು ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಏರಿದರೆ ನಾಗರಿಕನು ದೂರು ಕೊಡಬಹುದು. ಹತ್ತು ಡೆಸಿಬಲ್ ಎಂದರೆ, ಡಿಜೆ ಹುಡುಗನ ಪಾಠದಂತೆ, ಕಿವಿಗೆ ಎರಡು ಪಟ್ಟು. ಮೊದಲ ಪಟ್ಟನ್ನು ಸುಮ್ಮನೆ ಸಹಿಸಿ ಎರಡನೆಯದಕ್ಕೆ ಬಾಯಿ ತೆರೆಯಬೇಕು. ಆ ಹೊತ್ತಿಗೆ ಬಾಯಿ ತೆರೆದದ್ದು ಯಾರಿಗೆ ಕೇಳಿಸಬೇಕು?

ಅಂತೂ ಅವನ ಸಲಹೆಯಂತೆ 5.1ರ ಒಂದು ರಿಸೀವರ್, ಐದು ಸ್ಪೀಕರ್, ಗುಡುಗಿನಂಥ ದಪ್ಪ ಸದ್ದಿಗೆಂದೇ ಒಂದು ಸಬ್‌ವೂಫರ್ ಕೊಂಡೆ. (ಬಿಂದುವಿನ ಆಚೆಗಿರುವ ಆ 'ಒಂದು' ಇದೆಯಲ್ಲ, ದಶಮಾಂಶ ಎಂದು ತಿಳಿದು ಮೋಸ ಹೋಗಬೇಡಿ. ಇಡೀ ಸಂಸಾರದಲ್ಲಿ ಅದೇ ದಪ್ಪ, ಎತ್ತಿ ತರಲು ಇಬ್ಬರು ಬೇಕಾದರು.) ಮಧ್ಯದ ಸ್ಪೀಕರಿಗೆ ಮಾತ್ರ ಕೈ ಬಿಗಿ ಹಿಡಿಯಲಿಲ್ಲ, ಮಾತೆಲ್ಲ ಬರುವುದು ಅದರಿಂದಲೇ. ತಂತಿಯೂ ಸೇರಿ ಎಪ್ಪತ್ತು ಸಾವಿರ. ಹಿಂಬದಿಯ ಎರಡರಲ್ಲಿ ಒಂದಕ್ಕೆ ದೇವರ ಜಗುಲಿಯ ಪಕ್ಕ, ಇನ್ನೊಂದಕ್ಕೆ ನೀರಿನ ಫಿಲ್ಟರಿನ ಮೇಲೆ ಜಾಗ ಸಿಕ್ಕಿತು.

ಮೊದಲ ಸಲ ಹಚ್ಚಿದಾಗ ಎಲ್ಲರೂ ಬಾವಿಯೊಳಗಿಂದ ಮಾತಾಡಿದರು. ತಪ್ಪು ಯಂತ್ರದ್ದಲ್ಲ. ನಮ್ಮ ಕಡೆಯ ಮನೆಗಳಲ್ಲಿ ಕೆಳಗೆ ಶಹಾಬಾದಿನ ಫರಸಿ ಕಲ್ಲು, ಮೇಲೆ ಕಾಂಕ್ರೀಟ್, ಸುತ್ತ ಬರಿಯ ಗೋಡೆ. ಹೊರಟ ಮಾತು ಎಲ್ಲಿಯೂ ಕೂರಲು ಜಾಗ ಸಿಗದೆ ಅಲೆಯುತ್ತದೆ. ವಿಜಯಪುರದವರು ಇದನ್ನೇ ಗುಮ್ಮಟ ಕಟ್ಟಿ ಏಳು ಸಲ ಕೇಳಿಸಿ ಟಿಕೆಟು ಹಚ್ಚಿದ್ದಾರೆ. ನಾನು ಎರಡು ಜಮಖಾನೆ ಹಾಸಿ, ಗೋಡೆಗೆ ಕೌದಿ ತೂಗುಹಾಕಿದೆ. ಮೇ ತಿಂಗಳಲ್ಲಿ ಕೌದಿಯ ನಡುವೆ ಕುಳಿತ ನಮ್ಮನ್ನು ನೋಡಲು ಪಕ್ಕದ ಮನೆಯವರು ಎರಡು ಸಲ ಸಕ್ಕರೆ ಕೇಳುವ ನೆಪದಲ್ಲಿ ಬಂದು ಹೋದರು.

ಇಷ್ಟಕ್ಕೇ ಮುಗಿಯಲಿಲ್ಲ. ರಿಸೀವರಿನ ಜೊತೆ ಹೆಬ್ಬೆರಳಿನಷ್ಟು ಮೈಕ್ ಕೊಟ್ಟಿರುತ್ತಾರೆ. ನಾವು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಅದನ್ನು ಇಟ್ಟರೆ, ಯಂತ್ರ ಒಂದೊಂದೇ ಸ್ಪೀಕರಿನಿಂದ ಚಿಂವ್ ಚಿಂವ್ ಎಂದು ಕೂಗಿಸಿ ದೂರ, ಮಟ್ಟ ಎಲ್ಲವನ್ನೂ ತಾನೇ ಹೊಂದಿಸಿಕೊಳ್ಳುತ್ತದೆ. ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಮೈಕ್ ಇಟ್ಟು ಗುಂಡಿ ಒತ್ತಿದೆ. ಪರದೆಯ ಮೇಲೆ ಬರಹ ಮೂಡಿತು: ಸುತ್ತಲಿನ ಸದ್ದು ಹೆಚ್ಚಾಗಿದೆ, ಮತ್ತೆ ಪ್ರಯತ್ನಿಸಿ.

ಕೂಲರ್ ಆರಿಸಿದೆ. ಮತ್ತೆ ಪ್ರಯತ್ನಿಸಿ. ಫ್ಯಾನ್ ಆರಿಸಿದೆ, ಫ್ರಿಜ್ಜಿನ ಪ್ಲಗ್ ಕಿತ್ತೆ, ಹೆಂಡತಿಗೆ ಬಳೆ ಆಡಿಸಬೇಡ ಎಂದೆ. ಮತ್ತೆ ಪ್ರಯತ್ನಿಸಿ. ಹಳೆಯ ಕಬ್ಬಿಣ, ಕೂದಲು ಕೊಳ್ಳುವವನ ಧ್ವನಿಮುದ್ರಿತ ಕರೆ ಓಣಿ ದಾಟಿ ಹೋಗುವವರೆಗೆ ಕಾದೆ. ಅಷ್ಟರಲ್ಲಿ ಎದುರು ಮನೆಯವರ ಬೋರ್‌ವೆಲ್ ಮೋಟಾರು, ಅದರ ಹಿಂದೆ ಹಿಟ್ಟಿನ ಗಿರಣಿ, ಗಿರಣಿಯ ಹಿಂದೆ ಹಾಡುತ್ತ ಬಂದ ಕಸದ ಗಾಡಿ. ಮೂರು ದಿನ ಹೀಗೆ ಬೆವರು ಒರೆಸಿಕೊಂಡು ಉಸಿರು ಹಿಡಿದು ಕುಳಿತೆವು. ನಾಲ್ಕನೆಯ ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ಇಡೀ ಊರು ತಣ್ಣಗಾಯಿತು. ಮೋಟಾರಿಲ್ಲ, ಗಿರಣಿಯಿಲ್ಲ, ಎಲೆ ಬಿದ್ದರೆ ಕೇಳಿಸುವಂಥ ಮೌನ. ಓಡಿ ಬಂದು ಗುಂಡಿ ಒತ್ತಿದೆ. ಕರೆಂಟ್ ಹೋಗಿತ್ತು.

ಕೊನೆಗೆ ನಸುಕಿನ ಮೂರು ಗಂಟೆಗೆ, ನಾಯಿಗಳೂ ಮಲಗಿದ ಮೇಲೆ, ಅದು ಒಪ್ಪಿಕೊಂಡಿತು. ಮರುದಿನ ಮಧ್ಯಾಹ್ನ ಸಿನಿಮಾ ಹಚ್ಚಿದೆವು. ಮೊದಲ ದೃಶ್ಯದಲ್ಲಿಯೇ ಗುಡುಗು, ಹಿಂದಿನಿಂದ ಸುರಿಮಳೆ. ಮಗ ಹೇಳಿದ್ದು ಸುಳ್ಳಲ್ಲ. ಅಡುಗೆಮನೆಯಲ್ಲಿದ್ದ ಹೆಂಡತಿ "ರೀ, ಶಾವಿಗೆ!" ಎಂದು ಕೂಗುತ್ತ ಮಾಳಿಗೆಗೆ ಓಡಿದಳು. ಉರಿಬಿಸಿಲಿನಲ್ಲಿ ಬರಿಗಾಲಿನಲ್ಲಿ ನಿಂತು, ನೆತ್ತಿಯ ಮೇಲಿನ ಸೂರ್ಯನನ್ನೂ ಒಣಗುತ್ತಿದ್ದ ಶಾವಿಗೆಯನ್ನೂ ನೋಡಿ ಕೆಳಗಿಳಿದು ಬಂದವಳು ಅಂದು ರಾತ್ರಿಯವರೆಗೆ ನನ್ನೊಂದಿಗೆ ಮಾತಾಡಲಿಲ್ಲ.

ಸಂಜೆ ಕತ್ತಲಾಗುತ್ತಲೇ ಮಗನ ಫೋನ್ ಬಂತು. ನಾನು ಹಲೋ ಎನ್ನುವ ಮೊದಲೇ ಕಪಾಟಿನ ಸ್ಟೀಲ್ ಪಾತ್ರೆಗಳು ಗಲಗುಟ್ಟಿದವು, ಎದೆಯೊಳಗೆ ಯಾರೋ ಗುದ್ದಿದಂತಾಯಿತು, ಕೌದಿಯೊಂದು ಮೊಳೆ ಕಿತ್ತು ಬಿತ್ತು.

"ಅಪ್ಪಾ, ಇದೇ ನೋಡಿ ನಾನು ಹೇಳಿದ್ದು!" ಅತ್ತ ಕಡೆಯಿಂದ ಮಗ ಸಂತೋಷದಿಂದ ಕೂಗಿದ. "ಫೋನಿನಲ್ಲಿಯೇ ಇಷ್ಟು ಚೆನ್ನಾಗಿ ಕೇಳಿಸುತ್ತಿದೆ. ಎಪ್ಪತ್ತು ಸಾವಿರ ಸಾರ್ಥಕವಾಯಿತು. ಸ್ವಲ್ಪ ಕಡಿಮೆ ಮಾಡಿ, ಮಾತಾಡೋಣ."

ಕಡಿಮೆ ಮಾಡುವ ಗುಂಡಿ ನನ್ನ ಬಳಿ ಇರಲಿಲ್ಲ. ಕರೆಂಟ್ ಹೋಗಿ ಅರ್ಧ ಗಂಟೆಯಾಗಿತ್ತು. ಕಿಟಕಿಯ ಆಚೆ, ನಮ್ಮ ಮನೆಯ ಮುಂದೆ, ಡಿಜೆ ಹುಡುಗ ಟ್ರ್ಯಾಕ್ಟರಿನ ಮೇಲಿಂದ ನನ್ನತ್ತ ಕೈ ಬೀಸುತ್ತಿದ್ದ.