ಕಲಬುರಗಿ ಬಿಸಿಲಿಗೆ ಮರದ ನೆಲ ಯಾಕ್ರೀ?

ಕಲಬುರಗಿಯ ಮೇ ತಿಂಗಳು ಹೇಗಿರುತ್ತದೆ ಅಂತ ಗೊತ್ತಿರುವ ಯಾರಾದರೂ ವಯಸ್ಸಾದವರು ಮಲಗುವ ಕೋಣೆಗೆ ವುಡನ್ ಫ್ಲೋರಿಂಗ್ ಹಾಕ್ತಾರಾ? ನಮ್ಮ ಅಪ್ಪ-ಅವ್ವನ ಕೋಣೆಗೆ ಕಾಂಟ್ರಾಕ್ಟರ್ ಹಾಕಿದ್ದಾನೆ. ಹಾಕಿ, ಬಿಲ್ ಕೈಗಿಟ್ಟು, ಈಗ ಫೋನ್ ಎತ್ತುತ್ತಿಲ್ಲ.

ನಾನಿರೋದು ಬೆಂಗಳೂರಿನಲ್ಲಿ. ಊರಿನ ಮನೆ ಹಳೇದು, ರಿಪೇರಿಗೆ ಬಂದಿತ್ತು. ಗೋಡೆಗೆ ಬಣ್ಣ, ಬಾತ್‌ರೂಮಿಗೆ ಹೊಸ ಪೈಪು, ನೆಲದ ಹಳೇ ಶಹಾಬಾದ ಫರಸಿಗೆ, ಅಂದರೆ ಸುಣ್ಣಕಲ್ಲಿನ ಹಾಸುಗಲ್ಲಿಗೆ, ಪಾಲಿಶ್. ಕಾಂಟ್ರಾಕ್ಟರ್ ಜೊತೆ ಆಗಿದ್ದ ಮಾತು ಇಷ್ಟೇ. ಎದುರು ಕೂತು ಹೇಳಿದ್ದೆ, ವಾಟ್ಸಾಪಿನಲ್ಲೂ ಬರೆದು ಕಳಿಸಿದ್ದೆ: "ಫರಸಿ ಕೀಳಬ್ಯಾಡ್ರಿ, ಸಂದು ತುಂಬಿ ಪಾಲಿಶ್ ಹೊಡಸ್ರಿ." "ಆಯ್ತ್ರಿ ಮೇಡಂ" ಅಂದ, ಅಡ್ವಾನ್ಸ್ ತೊಗೊಂಡ. ನಾನು ಬೆಂಗಳೂರಿಗೆ ವಾಪಸ್ ಬಂದ ಮೇಲೆ ಅಪ್ಪನ ಹತ್ತಿರ ಹೋಗಿ, "ನಿಮ್ ಮಗಳೇ ಹೇಳ್ಯಾಳ್ರಿ, ಹೊಸಾ ಫ್ಯಾಷನ್ ಅದ" ಅಂತ ಹೇಳಿ ಕೋಣೆಯ ಕಲ್ಲನ್ನೆಲ್ಲ ಕಿತ್ತುಹಾಕಿದ. ಮಗಳು ಹೇಳಿದ್ದಾಳೆ ಅಂದರೆ ಅಪ್ಪ ಇನ್ನೇನು ಕೇಳಿಯಾರು! ಸುಮ್ಮನಾದರು. ನಾನು ಊರಿಗೆ ಹೋಗಿ ನೋಡಿದಾಗ ಕೋಣೆ ತುಂಬ ಮರದ ಚಿತ್ರ ಅಂಟಿಸಿದ ಲ್ಯಾಮಿನೇಟ್ ಹಲಗೆ. ನಮ್ಮ ಮನೆಯ ಫರಸಿ ಎಲ್ಲಿ ಅಂತ ಕೇಳಿದರೆ, "ಮಲಬಾ (ಒಡೆದ ಕಲ್ಲುಮಣ್ಣು) ಜೊತಿ ಹೋಯ್ತ್ರಿ." ಅದರಲ್ಲಿ ಎರಡು ಕಲ್ಲು ನಮ್ಮ ಓಣಿಯ ತುದಿಯ ಗಟಾರದ ಮೇಲೆ ಮುಚ್ಚಳವಾಗಿ ಬಿದ್ದಿವೆ. ಒಂದರ ಮೂಲೆ ಅರ್ಧಚಂದ್ರದ ಹಾಗೆ ಒಡೆದಿತ್ತು, ಅಪ್ಪನ ಮಂಚದ ಕಾಲಿನ ಪಕ್ಕ ಇದ್ದದ್ದು ಅದು. ನೋಡಿದ ಕೂಡಲೇ ಗುರುತು ಸಿಕ್ಕಿತು. ಮೈಯೆಲ್ಲ ಉರಿದುಹೋಯಿತು.

ಇದು ಬರೀ ನೆನಪಿನ ಮಾತಲ್ಲ. ನಮ್ಮೂರಲ್ಲಿ ಬ್ಯಾಸಗಿಯ ಮಧ್ಯಾಹ್ನ 42-43 ಡಿಗ್ರಿ ಸಾಮಾನ್ಯ. ಅಪ್ಪ ಊಟ ಮಾಡಿ, ತಲೆಗೊಂದು ದಿಂಬು ಇಟ್ಟುಕೊಂಡು, ಬರೀ ಮೈಯಲ್ಲಿ ಬರೀ ಕಲ್ಲಿನ ಮೇಲೆ ಮಲಗುತ್ತಿದ್ದರು. ಅವ್ವ ಅದಕ್ಕೂ ಮೊದಲು ಒಂದು ಚೊಂಬು ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಕಿಟಕಿಯ ಪರದೆ ಎಳೆಯುತ್ತಿದ್ದಳು. ನಮ್ಮ ಕಡೆ ಗಾಳಿ ಒಣ, ನೀರು ಬೇಗ ಆರುತ್ತದೆ. ಆರುವಾಗ ನೆಲದ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಮಂಗಳೂರಿನ ಬೆವರಿನ ಹವೆಯಲ್ಲಿ ಈ ಉಪಾಯ ಇಷ್ಟು ನಡೆಯೋದಿಲ್ಲ, ಕಲಬುರಗಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಕರೆಂಟ್ ಹೋದರೂ ನಡೆಯುತ್ತದೆ.

ಅವ್ವ ಹೊಸ ನೆಲಕ್ಕೂ ಅದನ್ನೇ ಮಾಡಿದಳು. ಬೇರೇನು ಮಾಡ್ತಾಳೆ? ಆ ಹಲಗೆಯ ಒಳಗಿರೋದು ಮರದ ನಾರನ್ನು ಒತ್ತಿ ಮಾಡಿದ ಫೈಬರ್ ಬೋರ್ಡ್. ಸಂದಿನಲ್ಲಿ ನೀರು ಇಳಿದು ಅಂಚುಗಳು ಉಬ್ಬಿ ಎದ್ದವು. ಈಗ ಆ ಅಂಚು ಅಪ್ಪನ ಕಾಲಿಗೆ ತಾಗುತ್ತದೆ. ಕಾಂಟ್ರಾಕ್ಟರ್ ಅಂದದ್ದು ಏನು ಗೊತ್ತಾ? "ಅಮ್ಮಾರು ನೀರು ಹಾಕ್ಯಾರ್ರಿ, ಅದಕ್ಕ ವಾರಂಟಿ ಬರಲ್ಲ." ನೆಲಕ್ಕೆ ನೀರು ಹಾಕಿದ್ದು ನಮ್ಮವ್ವನ ತಪ್ಪಂತೆ! ಜೀವನವಿಡೀ ನೆಲ ಒರೆಸಿದ ಹೆಂಗಸಿಗೆ ನೆಲ ಒರೆಸಲು ಬರೋದಿಲ್ಲ ಅಂತ ಹೇಳೋ ಧೈರ್ಯ ಇವನಿಗೆ ಎಲ್ಲಿಂದ ಬಂತು? ಅವ್ವ ಅದನ್ನು ಕೇಳಿ, ತಾನೇ ಏನೋ ಹಾಳು ಮಾಡಿದೆ ಅಂತ ನನಗೆ ಫೋನ್ ಮಾಡಿ ಅತ್ತಳು. ದುಡ್ಡು ಹೋದದ್ದಕ್ಕಿಂತ ನನಗೆ ಸಿಟ್ಟು ಬಂದದ್ದು ಇದಕ್ಕೆ.

ಈ ಲ್ಯಾಮಿನೇಟ್ ನೆಲ 1977ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ್ದು. ಹಿಮ ಬೀಳುವ ದೇಶ. ಅಲ್ಲಿ ಬರಿಗಾಲಿಗೆ ನೆಲ ತಣ್ಣಗೆ ತಾಗಬಾರದು ಅನ್ನೋದೇ ಜನರ ಚಿಂತೆ. ಮರ ಶಾಖವನ್ನು ಸುಲಭಕ್ಕೆ ಹರಿಯಗೊಡುವುದಿಲ್ಲ, ಸುಣ್ಣಕಲ್ಲು ಅದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಹರಿಯಗೊಡುತ್ತದೆ. ನಮ್ಮ ಚರ್ಮ 33 ಡಿಗ್ರಿ ಆಸುಪಾಸು ಇರುತ್ತದೆ. ನೆಲ ಅದಕ್ಕಿಂತ ಸ್ವಲ್ಪವೇ ತಂಪಿದ್ದರೂ ಕಲ್ಲು ಮೈಯ ಬಿಸಿಯನ್ನು ಎಳೆದು ಕೆಳಗಿನ ಮಣ್ಣಿಗೆ ದಾಟಿಸುತ್ತದೆ. ಹೊರಗೆ ಎಷ್ಟೇ ಕಾದಿದ್ದರೂ ಮನೆಯಡಿಯ ಮಣ್ಣು ಅಷ್ಟು ಕಾಯೋದಿಲ್ಲ. ಲ್ಯಾಮಿನೇಟ್ ಹಾಕುವಾಗ ಹಲಗೆಯ ಕೆಳಗೆ ಫೋಮಿನ ಹಾಳೆಯನ್ನೂ ಹಾಸುತ್ತಾರೆ. ಅಂದರೆ ಮಣ್ಣಿನ ತಂಪಿಗೂ ಅಪ್ಪನ ಬೆನ್ನಿಗೂ ನಡುವೆ ಎರಡೆರಡು ಅಡ್ಡಗೋಡೆ. ಮೇ ತಿಂಗಳಲ್ಲಿ ಕಂಬಳಿ ಹಾಸಿಕೊಂಡು ಮಲಗಿದ ಹಾಗೆ. ಅಪ್ಪ ಈಗ ಮಧ್ಯಾಹ್ನ ಅಡುಗೆಮನೆಯ ಬಾಗಿಲ ಹತ್ತಿರ, ಕೀಳದೆ ಉಳಿದ ನಾಲ್ಕು ಕಲ್ಲಿನ ಮೇಲೆ ಮೈ ಮುದುಡಿಕೊಂಡು ಮಲಗುತ್ತಾರೆ. ಸ್ವಂತ ಮನೆಯಲ್ಲಿ!

"ಎಸಿ ಹಾಕಸ್ರಿ ಮೇಡಂ" ಅಂತ ಬೇರೆ ಸಲಹೆ. ಎಸಿ ಹಾಕಿದರೆ ತಿಂಗಳಿಗೆ 200 ಯೂನಿಟ್ ದಾಟುತ್ತದೆ, ಗೃಹಜ್ಯೋತಿ ಹೋಗಿ ಪೂರ್ತಿ ಬಿಲ್ ಬರುತ್ತದೆ. ಆ ಬಿಲ್ ಇವನು ಕಟ್ಟುತ್ತಾನಾ?

ಇವನೊಬ್ಬನ ಮಾತಲ್ಲ. ಕಲ್ಲು ವಾಪಸ್ ಹಾಕಿಸೋಣ ಅಂತ ಊರಿನಲ್ಲಿ ಅಂಗಡಿ ಅಂಗಡಿ ತಿರುಗಿದೆ. ಶೋರೂಮಿನ ಹುಡುಗರು "ಶಹಾಬಾದ" ಅಂದ ಕೂಡಲೇ ಮುಖ ನೋಡುತ್ತಾರೆ. "ಅದನ್ನ ಪಾರ್ಕಿಂಗಿಗೆ ಹಾಕ್ತಾರ್ರಿ, ದನದ ಕೊಟ್ಟಿಗಿಗೆ ಹಾಕ್ತಾರ್ರಿ, ಮನಿಯಾಗ ಯಾರ್ ಹಾಕ್ತಾರ?" ಶಹಾಬಾದ ಇಲ್ಲಿಂದ ಮೂವತ್ತು ಕಿಲೋಮೀಟರೂ ಇಲ್ಲ. ಭೀಮಾ ಸೀಮೆಯ ಈ ಸುಣ್ಣಕಲ್ಲು ಪದರು ಪದರಾಗಿ ಕೂತಿದೆ. ಉಳಿ ಇಟ್ಟು ಹೊಡೆದರೆ ಹಲಗೆಯ ಹಾಗೆ ಎದ್ದು ಬರುತ್ತದೆ, ಸುಡುವ ಕೆಲಸವಿಲ್ಲ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಈ ಸುಣ್ಣಕಲ್ಲನ್ನು ನಂಬಿಯೇ. ಎಷ್ಟೋ ರೈಲು ಪ್ಲಾಟ್‌ಫಾರ್ಮುಗಳಲ್ಲಿ ಜನ ಇದೇ ಕಲ್ಲು ತುಳಿದಿದ್ದಾರೆ. ಆದರೆ ಕಲಬುರಗಿಯ ಶೋರೂಮಿನಲ್ಲಿ ಇದರ ಒಂದು ತುಂಡು ಸ್ಯಾಂಪಲ್ ಇಲ್ಲ. ಅಲ್ಲಿರೋದು ಗುಜರಾತಿನ ಮೋರ್ಬಿಯಲ್ಲಿ 1200 ಡಿಗ್ರಿ ಆಸುಪಾಸಿನಲ್ಲಿ ಸುಟ್ಟು, ರಸ್ತೆಯಲ್ಲಿ ಸಾವಿರ ಕಿಲೋಮೀಟರ್ ದಾಟಿ ಬಂದ ಟೈಲ್ಸ್.

ಟೈಲ್ಸ್ ಬಿಸಿ ಅಂತ ನಾನು ಹೇಳೋದಿಲ್ಲ. ನೆಲಮಹಡಿಯಲ್ಲಿ ಅದೂ ತಂಪೇ, ಮರದ ಹಲಗೆಗಿಂತ ಎಷ್ಟೋ ವಾಸಿ. ನನ್ನ ತಕರಾರು ಆ ಕನ್ನಡಿ ಹೊಳಪಿನ ಮೇಲೆ. ಒದ್ದೆ ಕಾಲಿಟ್ಟರೆ ಜಾರುತ್ತದೆ, ಕಿಟಕಿಯ ಬಿಸಿಲು ಬಿದ್ದರೆ ಕಣ್ಣಿಗೆ ಕುಕ್ಕುತ್ತದೆ. ಹೊಳಪಿಲ್ಲದ ಮ್ಯಾಟ್ ಟೈಲ್ಸ್ ತೋರಿಸ್ರಿ ಅಂದರೆ ಬಾತ್‌ರೂಮಿನ ರ‍್ಯಾಕ್ ಕಡೆ ಕೈ ತೋರಿಸುತ್ತಾರೆ. ಮನೆಯಲ್ಲಿ ಯಾರಿದ್ದಾರೆ, ವಯಸ್ಸಾದವರಿದ್ದಾರಾ, ಕೋಣೆ ಕೆಳಗಿದೆಯಾ ಮೇಲಿದೆಯಾ, ನೆಲದ ಮೇಲೆ ಮಲಗುತ್ತೀರಾ? ಒಬ್ಬರೂ ಕೇಳಲಿಲ್ಲ. ಮೇಲ್ಮಹಡಿಯಲ್ಲಂತೂ ಮೊದಲು ನೋಡಬೇಕಾದ್ದು ನೆಲವನ್ನಲ್ಲ, ಮಾಳಗಿಯನ್ನು (ತಾರಸಿಯನ್ನು). ಕಾದ ಸ್ಲ್ಯಾಬಿನ ಕೆಳಗೆ ಯಾವ ಕಲ್ಲು ಹಾಸಿದರೂ ಅರ್ಧ ಕೆಲಸ. ಮಾಳಗಿಗೆ ಬಿಳಿ ಸುಣ್ಣ ಬಳಿದರೆ ಕಡಿಮೆ ದುಡ್ಡಿನಲ್ಲಿ ಎಷ್ಟೋ ತಂಪಾಗುತ್ತದೆ. ಅದನ್ನು ಹೇಳಿದರೆ ಇವರ ಮಾಲು ಹೋಗೋದಿಲ್ಲವಲ್ಲ, ಅದಕ್ಕೇ ಹೇಳೋದಿಲ್ಲ.

ಕಲ್ಲಿಗೆ ಕಲೆ ಬೀಳುತ್ತದೆ ಅಂತ ಹೆದರಿಸುತ್ತಾರೆ. ಹೌದು, ಸುಣ್ಣಕಲ್ಲಿಗೆ ಹುಳಿ ಆಗೋದಿಲ್ಲ. ಲಿಂಬೆಹಣ್ಣಿನ ರಸ, ಹುಣಸೆನೀರು ಬಿದ್ದರೆ ಕೂಡಲೇ ಒರೆಸಬೇಕು, ಬಾತ್‌ರೂಮಿನ ಆ್ಯಸಿಡ್ ಹಚ್ಚಲೇಬಾರದು. ಎಷ್ಟೋ ಮನೆಗಳಲ್ಲಿ ಫರಸಿ ಕೆಟ್ಟದ್ದು ಪೇಂಟಿಂಗ್ ಮುಗಿದ ಮೇಲೆ ಕೆಲಸದವರು ಬಣ್ಣದ ಹನಿ ತೆಗೆಯಲು ಆ್ಯಸಿಡ್ ಸುರಿದದ್ದರಿಂದ. ಮಾಡಿದವರು ಇವರು, ಹೆಸರು ಕೆಟ್ಟದ್ದು ಕಲ್ಲಿನದು.

ಕೊನೆಯ ಕಂತು ನಾನು ಕೊಟ್ಟಿಲ್ಲ, ಕೊಡೋದೂ ಇಲ್ಲ. "ಪಾಲಿಶ್ ಹೊಡಸ್ರಿ" ಅಂತ ಬರೆದ ಮೆಸೇಜು, ಅದಕ್ಕೆ ಅವನು ಒತ್ತಿದ ಥಂಬ್ಸ್ ಅಪ್ ಎರಡೂ ನನ್ನ ಹತ್ತಿರ ಇವೆ. ಹಲಗೆ ಕಿತ್ತುಕೊಂಡು ಹೋಗಲಿ, ಕಲ್ಲಿನ ದುಡ್ಡು ಕಟ್ಟಲಿ, ಅವ್ವನ ಎದುರು ನಿಂತು "ತಪ್ಪು ನಿಮ್ದಲ್ರಿ" ಅಂತ ಹೇಳಲಿ. ಆಮೇಲೆ ಲೆಕ್ಕ ಚುಕ್ತಾ ಮಾಡುತ್ತೇನೆ. ಇಲ್ಲದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಕಲಬುರಗಿ, ಚಿತ್ತಾಪುರ, ಶಹಾಬಾದ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಸಹಾಯ ಮಾಡಿ. ಫರಸಿಯನ್ನು ಲೆವೆಲ್ ನೋಡಿ ಕೂರಿಸಿ, ಸಂದು ಸಣ್ಣಗೆ ಹಿಡಿದು, ಮನೆಯಲ್ಲೇ ಮಷೀನ್ ಪಾಲಿಶ್ ಮಾಡುವ ಒಳ್ಳೆ ಗೌಂಡಿ ಗೊತ್ತಿದ್ದರೆ ತಿಳಿಸಿ. ಒಂದು ಕೋಣೆಯಷ್ಟೇ ಕೆಲಸ ಇರೋದು. ಸದ್ಯ ಚದರಡಿಗೆ ಕೂಲಿ ಎಷ್ಟು ನಡೆದಿದೆ ಅನ್ನೋದನ್ನೂ ಹೇಳಿ. ಮುಂದಿನ ಬ್ಯಾಸಗಿಯೊಳಗೆ ಅಪ್ಪನ ಕೋಣೆಗೆ ಕಲ್ಲು ಬರಬೇಕು.