ಬದಲಿಸದೆ ಹಾಡಿದ್ದೇ ತಪ್ಪಾಯಿತೇ?

ಅಮೆರಿಕದ ಗಾಯಕಿ ಟ್ರೇಸಿ ಚಾಪ್‌ಮನ್ 1988ರಲ್ಲಿ ಹಾಡಿದ ‘ಫಾಸ್ಟ್ ಕಾರ್’ ಅನ್ನು ಅದೇ ದೇಶದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಬೇರಿನ ಜನಪ್ರಿಯ ಸಂಗೀತ) ಗಾಯಕ ಲ್ಯೂಕ್ ಕೋಂಬ್ಸ್ 2023ರಲ್ಲಿ ಮತ್ತೆ ಹಾಡಿದಾಗಿನಿಂದ ಒಂದು ಟೀಕೆ ಪದೇ ಪದೇ ಕೇಳಿಬರುತ್ತಿದೆ: ಮೂಲವನ್ನು ಇದ್ದಂತೆಯೇ ಒಪ್ಪಿಸಿದ್ದಾರೆ, ತಮ್ಮದೆಂದು ಏನನ್ನೂ ಸೇರಿಸಿಲ್ಲ, ಹಾಗಿದ್ದ ಮೇಲೆ ಈ ಕವರ್ (ಮರುಗಾಯನ) ಏಕೆ ಬೇಕಿತ್ತು? ಈ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಈ ಹಾಡಿನ ಮಟ್ಟಿಗಂತೂ, ಕೈ ಹಾಕದೆ ಬಿಟ್ಟದ್ದೇ ಕೋಂಬ್ಸ್ ಮಾಡಿದ ಒಳ್ಳೆಯ ಕೆಲಸ.

ಏಕೆಂದರೆ ‘ಫಾಸ್ಟ್ ಕಾರ್’ ಒಂದು ಪೂರ್ತಿ ಕಥೆ. ಮಾತಾಡುವವಳ ಅಪ್ಪ ಕುಡುಕ, ದುಡಿಯುವ ಕಸುವು ಅವನಲ್ಲಿ ಉಳಿದಿಲ್ಲ. ಅಮ್ಮ ಬಿಟ್ಟು ಹೋಗಿದ್ದಾಳೆ. ಅಪ್ಪನನ್ನು ನೋಡಿಕೊಳ್ಳಲು ಶಾಲೆ ಬಿಟ್ಟವಳು ಅಂಗಡಿಯೊಂದರಲ್ಲಿ ದುಡಿದು ಚೂರುಪಾರು ಹಣ ಕೂಡಿಟ್ಟಿದ್ದಾಳೆ. ಕಾರಿರುವ ಗೆಳೆಯನೊಂದಿಗೆ ಊರು ಬಿಟ್ಟರೆ ಬದುಕು ಬೇರೆಯಾದೀತು ಎಂಬುದು ಅವಳ ಲೆಕ್ಕಾಚಾರ. ಊರು ಬಿಡುತ್ತಾರೆ, ಕೆಲವೇ ಚರಣಗಳಲ್ಲಿ ವರ್ಷಗಳು ಉರುಳುತ್ತವೆ. ಅವಳಿಗೆ ಮಾರ್ಕೆಟ್ಟಿನ ಬಿಲ್ ಕೌಂಟರಿನಲ್ಲಿ ಕೆಲಸ ಸಿಗುತ್ತದೆ, ಅವನಿಗೆ ಸಿಗುವುದಿಲ್ಲ. ಮಕ್ಕಳ ಮುಖಕ್ಕಿಂತ ಗೆಳೆಯರ ಮುಖವನ್ನೇ ಹೆಚ್ಚು ನೋಡುತ್ತಾ ಬಾರಿನಲ್ಲಿ ತಡರಾತ್ರಿಯವರೆಗೆ ಕೂರುವ ಅವನು, ಅವಳು ಯಾರ ಮನೆಯಿಂದ ಹೊರಟು ಬಂದಳೋ ಆ ಅಪ್ಪನಂತೆಯೇ ಆಗಿಹೋಗುತ್ತಾನೆ. ತಾನಿನ್ನು ಎಲ್ಲಿಗೂ ಹೋಗುವುದಿಲ್ಲ, ನಿನ್ನ ಕಾರು ತೆಗೆದುಕೊಂಡು ನೀನು ಹೊರಡು ಎಂದು ಅವಳೇ ಹೇಳುವಲ್ಲಿಗೆ ಕಥೆ ಬಂದು ಮುಟ್ಟುತ್ತದೆ.

ಚಾಪ್‌ಮನ್ ಇದನ್ನು ಕಟ್ಟಿರುವ ಬಗೆಯನ್ನು ಗಮನಿಸಬೇಕು. ಗಿಟಾರಿನ ಒಂದು ಪುಟ್ಟ ಸ್ವರಗುಚ್ಛ ಮೊದಲಿಂದ ಕೊನೆಯವರೆಗೆ ಸುತ್ತುತ್ತಲೇ ಇರುತ್ತದೆ. ಕಥೆಯಲ್ಲಿ ಏನೇ ಆದರೂ ಅದು ಬದಲಾಗುವುದಿಲ್ಲ. ಪಲ್ಲವಿ ಬಂದಾಗ ಮಾತ್ರ ಡ್ರಮ್ಸ್ ತುಂಬಿಕೊಳ್ಳುತ್ತದೆ, ಧ್ವನಿ ಮೇಲೇರುತ್ತದೆ, ಕಾರಿನ ವೇಗ, ನಗರದ ದೀಪಗಳು, ಭುಜ ಬಳಸಿದ ತೋಳು ಎಲ್ಲವೂ ಕಣ್ಣಮುಂದೆ ಬರುತ್ತವೆ. ಆದರೆ ಆ ಪಲ್ಲವಿ ಇಡಿಯಾಗಿ ಒಂದು ನೆನಪು. ಈ ಹಾಡಿನಲ್ಲಿ ಸುಖವಿರುವುದು ಕಳೆದುಹೋದ ಆ ರಾತ್ರಿಯಲ್ಲಷ್ಟೇ, ಮತ್ತು ಪಲ್ಲವಿ ಮುಗಿದೊಡನೆ ಅದೇ ಗಿಟಾರ್ ಅವಳನ್ನು ಮತ್ತೆ ಮನೆಬಾಡಿಗೆ, ಸಂಬಳಗಳ ಲೋಕಕ್ಕೆ ಎಳೆದು ತರುತ್ತದೆ. ಮೊದಲ ಸಲ ಬಂದಾಗ ಹುರುಪು ತರುವ ಪಲ್ಲವಿ ಕೊನೆಯ ಸಲ ಬಂದಾಗ ಕೇಳಲು ಕಷ್ಟವಾಗುತ್ತದೆ, ಸಾಲುಗಳು ಮಾತ್ರ ಅವೇ.

ಇಂಥ ಹಾಡಿಗೆ ಬೇಕಾದದ್ದು ಸಾವಧಾನದ ಕಿವಿ, ಮತ್ತು ಅದು ಸಿಕ್ಕಿದ್ದು ಬಹುಮಟ್ಟಿಗೆ ಆಕಸ್ಮಿಕವಾಗಿ. 1988ರ ಜೂನ್ 11ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನೆಲ್ಸನ್ ಮಂಡೇಲಾ ಅವರ 70ನೆಯ ಹುಟ್ಟುಹಬ್ಬದ ಸಂಗೀತ ಸಮಾರಂಭ ನಡೆದಾಗ ಗಾಯಕ ಸ್ಟೀವಿ ವಂಡರ್ ಅವರ ಕಂಪ್ಯೂಟರ್ ಆಧಾರಿತ ಕೀಬೋರ್ಡ್ ವಾದ್ಯದ ಹಾರ್ಡ್ ಡಿಸ್ಕ್ ಕಾಣೆಯಾಗಿ ಅವರು ತಮ್ಮ ಸರದಿಗೆ ವೇದಿಕೆಗೆ ಬರಲಾಗದೆ ಹೋಯಿತು. ಆಗಲೇ ಒಮ್ಮೆ ಹಾಡಿ ಮುಗಿಸಿದ್ದ ಚಾಪ್‌ಮನ್ ಅವರನ್ನು ಗಿಟಾರಿನೊಂದಿಗೆ ಮತ್ತೆ ಒಬ್ಬರನ್ನೇ ಕಳಿಸಲಾಯಿತು. ಆಗ ಹಾಡಿದ ‘ಫಾಸ್ಟ್ ಕಾರ್’ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 6ನೆಯ ಸ್ಥಾನದವರೆಗೆ ಏರಿತು, ಮರುವರ್ಷ ಗ್ರ್ಯಾಮಿಯೂ ಬಂತು.

ಕೋಂಬ್ಸ್ ಹುಟ್ಟಿದ್ದು 1990ರಲ್ಲಿ, ಎಂದರೆ ಹಾಡು ಅವರಿಗಿಂತ ಎರಡು ವರ್ಷ ಹಿರಿದು. ಬಾಲ್ಯದಲ್ಲಿ ತಂದೆಯೊಂದಿಗೆ ಕೇಳಿ ಬೆಳೆದ ಹಾಡೆಂದು ಅವರೇ ಹೇಳಿಕೊಂಡಿದ್ದಾರೆ, ಆ ಸಲಿಗೆ ಅವರ ಧ್ವನಿಯಲ್ಲೂ ಇದೆ. ಗಂಡುಧ್ವನಿಯಲ್ಲಿ ಹಾಡುವಾಗ ಕಥೆಯ ಹೆಣ್ಣನ್ನು ಗಂಡಾಗಿ ತಿದ್ದಿಕೊಳ್ಳುವುದು ಪಾಪ್ ಲೋಕದ ಹಳೆಯ ಚಾಳಿ. ಕೋಂಬ್ಸ್ ಹಾಗೆ ಮಾಡದೆ, ಕೌಂಟರಿನಲ್ಲಿ ದುಡಿಯುವ ಹುಡುಗಿ ತಾನು ಎಂದೇ ಹಾಡುತ್ತಾರೆ. ಒರಟು ಕಂಠದ, ಗಡ್ಡದ ಗಂಡಸೊಬ್ಬ ಯಾವ ಮುಜುಗರವೂ ಇಲ್ಲದೆ ಆ ಸಾಲನ್ನು ಹಾಡಿದಾಗ, ಇದು ತನ್ನ ಕಥೆಯಲ್ಲ, ತಾನು ಇನ್ನೊಬ್ಬಳ ಕಥೆಯನ್ನು ಹೇಳುತ್ತಿದ್ದೇನೆ ಎಂಬ ವಿನಯ ತಾನಾಗಿ ಮೂಡುತ್ತದೆ. ‘ಏನನ್ನೂ ಸೇರಿಸಿಲ್ಲ’ ಎನ್ನುವವರು ಇದನ್ನು ಕೇಳಿಸಿಕೊಂಡಂತಿಲ್ಲ. ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಸಂಗೀತ ನಿರ್ಮಾಪಕ ಜೋನಸ್ ಬ್ಲೂ 2015ರಲ್ಲಿ ಮಾಡಿದ ಕುಣಿತದ ಆವೃತ್ತಿ ಇದ್ದೇ ಇದೆ. ಅದೂ ದೊಡ್ಡ ಹಿಟ್ಟೇ, ಆದರೆ ಲಯ ಬಿಡುವು ಕೊಡದೆ ಓಡುವುದರಿಂದ ಕಥೆ ಕುಸಿಯುವುದು ಅಲ್ಲಿ ಅರಿವಿಗೇ ಬರುವುದಿಲ್ಲ.

ಹಣದ ಲೆಕ್ಕವನ್ನೂ ಇಲ್ಲಿ ಹೇಳಲೇಬೇಕು, ಏಕೆಂದರೆ ‘ಬಿಳಿಯ ಗಾಯಕನೊಬ್ಬ ಕಪ್ಪು ಮಹಿಳೆಯ ಹಾಡಿನಿಂದ ದುಡ್ಡು ಮಾಡಿಕೊಂಡ’ ಎಂಬ ಮಾತು ಅರ್ಧ ಮಾತ್ರ ನಿಜ. ಅಮೆರಿಕದ ಕಾನೂನಿನಲ್ಲಿ, ಒಮ್ಮೆ ಬಿಡುಗಡೆಯಾದ ಹಾಡನ್ನು ನಿಗದಿತ ರಾಯಧನ ಕೊಟ್ಟು ಯಾರು ಬೇಕಾದರೂ ಮತ್ತೆ ಹಾಡಿ ರೆಕಾರ್ಡ್ ಮಾಡಬಹುದು, ಆದರೆ ಅದರ ಮೂಲ ಧಾಟಿಯನ್ನಾಗಲಿ ಸ್ವಭಾವವನ್ನಾಗಲಿ ಬದಲಿಸುವಂತಿಲ್ಲ. ಇನ್ನು ಅಲ್ಲಿನ ಎಎಂ, ಎಫ್‌ಎಂ ರೇಡಿಯೋದಲ್ಲಿ ಹಾಡು ಪ್ರಸಾರವಾದಾಗ ರಾಯಧನ ಸಲ್ಲುವುದು ಹಾಡು ಬರೆದವರಿಗೆ ಮತ್ತು ಅದರ ಪ್ರಕಾಶಕರಿಗೆ. ಹಾಡಿದವರಿಗೆ ಬಿಡಿಗಾಸೂ ಇಲ್ಲ. ‘ಫಾಸ್ಟ್ ಕಾರ್’ ಬರೆದವರು ಚಾಪ್‌ಮನ್ ಒಬ್ಬರೇ. ಹೀಗಾಗಿ ಕಂಟ್ರಿ ಸ್ಟೇಷನ್ನುಗಳಲ್ಲಿ ಕೋಂಬ್ಸ್ ಧ್ವನಿ ಮೊಳಗಿದಾಗಲೆಲ್ಲ ಆ ಪ್ರಸಾರದ ರಾಯಧನದ ಹಕ್ಕುದಾರಳು ಚಾಪ್‌ಮನ್. ತಮ್ಮ ಹಾಡುಗಳ ವಿಷಯದಲ್ಲಿ ಆಕೆ ಸುಮ್ಮನಿರುವವರೂ ಅಲ್ಲ: ತಮ್ಮ ಇನ್ನೊಂದು ಹಾಡನ್ನು ಅನುಮತಿಯಿಲ್ಲದೆ ಬಳಸಿಕೊಂಡದ್ದಕ್ಕೆ ರ‍್ಯಾಪ್ ಗಾಯಕಿ ನಿಕಿ ಮಿನಾಜ್ ವಿರುದ್ಧ 2018ರಲ್ಲಿ ಮೊಕದ್ದಮೆ ಹೂಡಿದ್ದರು, 2021ರಲ್ಲಿ 4,50,000 ಡಾಲರಿಗೆ ಅದು ಇತ್ಯರ್ಥವಾಯಿತು.

ನಿಜವಾದ ದೂರು ಇರಬೇಕಾದದ್ದು ಕಂಟ್ರಿ ಉದ್ಯಮದ ಮೇಲೆ. 2023ರ ಜುಲೈನಲ್ಲಿ ಹಾಡು ಕಂಟ್ರಿ ರೇಡಿಯೋ ಪ್ರಸಾರವನ್ನು ಅಳೆಯುವ ಕಂಟ್ರಿ ಏರ್‌ಪ್ಲೇ ಪಟ್ಟಿಯ ಮೊದಲ ಸ್ಥಾನಕ್ಕೇರಿದಾಗ, ಒಬ್ಬಳೇ ಬರೆದ ಹಾಡಿನೊಂದಿಗೆ ಅಲ್ಲಿಗೆ ತಲುಪಿದ ಮೊದಲ ಕಪ್ಪು ಮಹಿಳೆ ಎಂಬ ದಾಖಲೆ ಚಾಪ್‌ಮನ್ ಹೆಸರಿಗೆ ಬಂತು. ನವೆಂಬರಿನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ವರ್ಷದ ಹಾಡೆಂದು ಪ್ರಶಸ್ತಿ ಕೊಟ್ಟಾಗ, ಅದನ್ನು ಪಡೆದ ಮೊದಲ ಕಪ್ಪು ಗೀತರಚನಕಾರರೂ ಅವರೇ. 35 ವರ್ಷದ ಹಳೆಯ ಹಾಡೊಂದರಿಂದ, ಅದೂ ಬಿಳಿಯ ಗಾಯಕನ ಕಂಠದ ಮೂಲಕ, ಈ ‘ಮೊದಲು’ಗಳು ಬಂದದ್ದು ಸಂಭ್ರಮಕ್ಕಿಂತ ನಾಚಿಕೆಯ ಸಂಗತಿ. ಆದರೆ ಆ ನಾಚಿಕೆಯನ್ನು ಹಾಡಿದವನ ತಲೆಗೆ ಕಟ್ಟುವುದು ಸರಿಯಲ್ಲ.

ಇಷ್ಟು ಪರ ವಹಿಸಿದ ಮೇಲೂ, ಎರಡರಲ್ಲಿ ಒಂದನ್ನು ಆರಿಸು ಎಂದರೆ ನನ್ನ ಆಯ್ಕೆ ಮೂಲವೇ. ಕೋಂಬ್ಸ್ ಕಂಠದಲ್ಲಿ ಬಲ ಹೆಚ್ಚು, ಕೊನೆಯ ಚರಣದಲ್ಲೂ ಅದು ತಗ್ಗುವುದಿಲ್ಲ. ಚಾಪ್‌ಮನ್ ಅದೇ ಚರಣವನ್ನು ದಣಿದವಳ ಹಾಗೆ, ಸಿಟ್ಟನ್ನೂ ಬಳಸದೆ ಹಾಡುತ್ತಾರೆ. 2024ರ ಫೆಬ್ರವರಿ 4ರಂದು ಗ್ರ್ಯಾಮಿ ವೇದಿಕೆಯಲ್ಲಿ ಇಬ್ಬರೂ ಜೊತೆಯಾಗಿ ಹಾಡಿದಾಗ ಗಿಟಾರ್ ಆರಂಭಿಸಿದವರು ಚಾಪ್‌ಮನ್. ಆಕೆ ಹಾಡುವಾಗ ಕೋಂಬ್ಸ್ ಆಕೆಯನ್ನೇ ನೋಡುತ್ತಾ, ಅಭಿಮಾನಿಯೊಬ್ಬ ಮಾಡುವಂತೆ ಸಾಲುಗಳಿಗೆ ತುಟಿಯಾಡಿಸುತ್ತಿದ್ದರು. ಅದಾದ ಬೆನ್ನಲ್ಲೇ ಅಮೆರಿಕದ ಐಟ್ಯೂನ್ಸ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋದದ್ದು 1988ರ ರೆಕಾರ್ಡಿಂಗ್. ಕೇಳುಗರಿಗೆ ಹೊಳೆದದ್ದು ಕಂಟ್ರಿ ಸ್ಟೇಷನ್ನುಗಳಿಗೂ ಹೊಳೆಯಬಹುದಿತ್ತು: ಕವರ್ ಹಾಕಿದ ಕೂಡಲೇ ಮೂಲವನ್ನೂ ಒಮ್ಮೆ ಹಾಕಲು ಅವರಿಗೆ ಯಾವ ಕಾನೂನೂ ಅಡ್ಡ ಬರುತ್ತಿರಲಿಲ್ಲ.