ಮಂಡ್ಯಕ್ಕೊಂದು ಕಡಲು ಕೊಡಿ

ದಡದ ಟವರಿನಿಂದ ಕಡಲಿನ ಮೇಲೆ ನೂರು ಕಿಲೋಮೀಟರ್ ದೂರಕ್ಕೂ ಮೊಬೈಲ್ ಸಿಗ್ನಲ್ ಮುಟ್ಟಿಸಬಹುದಂತೆ. ಕಡಲಿಗೆ ಸಿಗ್ನಲ್ ಬೇಕೇ ಬೇಕು. ಅದರಲ್ಲಿ ನನ್ನದೇನೂ ತಕರಾರಿಲ್ಲ. ಮಲ್ಪೆ, ಮಂಗಳೂರಿನ ಬೋಟುಗಳು ದಿನಗಟ್ಟಲೆ ನೀರಿನ ಮೇಲಿರುತ್ತವೆ. ಗಾಳಿ ಎದ್ದಾಗ ಒಂದು ಫೋನ್ ಹತ್ತು ಜೀವ ಉಳಿಸುತ್ತದೆ. ನನ್ನದು ಬರೀ ಹೊಟ್ಟೆಕಿಚ್ಚು. ಯಾರೂ ಮನೆ ಕಟ್ಟದ ಜಾಗದಲ್ಲಿ ನೂರು ಕಿಲೋಮೀಟರ್ ಓಡುವ ಸಿಗ್ನಲ್‌ಗೆ, ಮೇಲುಕೋಟೆ ಗುಡ್ಡದ ಹಿಂದಿರುವ ನಮ್ಮೂರಿಗೆ ಬರೋಕೆ ಅದೇನು ಬಿಗುಮಾನ?

ಟವರ್ ಕೆಲಸ ಮಾಡುವ ಇಂಜಿನಿಯರ್ ಒಬ್ಬರನ್ನು ಕೇಳಿದೆ. ಪಾಪ, ಖುಷಿಯಿಂದ ಪಾಠ ಮಾಡಿದರು. ಹಳೇ 2ಜಿಗೆ 35 ಕಿಲೋಮೀಟರ್ ಗಡಿ ಇತ್ತಂತೆ. ಅಡ್ಡಿ ಪವರ್‌ನದ್ದಲ್ಲ, ಲೆಕ್ಕದ್ದು. ಫೋನಿನ ಮಾತು ಎಷ್ಟು ತಡವಾಗಿ ಬರುತ್ತೆ ಅಂತ ಟವರ್ 0ಯಿಂದ 63ರವರೆಗೆ ಮಾತ್ರ ಎಣಿಸುತ್ತಿತ್ತು. ಒಂದು ಎಣಿಕೆಗೆ ಸುಮಾರು 550 ಮೀಟರ್. ಟವರ್ ಒಂದೊಂದು ಫೋನಿಗೂ ಚೂರು ಚೂರು ಹೊತ್ತಿನ ಸರದಿ ಕೊಡುತ್ತೆ, ಅದಕ್ಕಿಂತ ದೂರದಿಂದ ಮಾತಾಡಿದರೆ ನಿಮ್ಮ ಮಾತು ಪಕ್ಕದವರ ಸರದಿಯೊಳಗೆ ನುಗ್ಗುತ್ತೆ. ಆಮೇಲೆ ಒಂದೇ ಕರೆಗೆ ಎರಡೆರಡು ಸರದಿ ಕೊಟ್ಟು 120ರ ಹತ್ತಿರ ಎಳೆದರು. 4ಜಿಯಲ್ಲಿ 100 ಕಿಲೋಮೀಟರಿಗೆ ಅಂತಲೇ ವ್ಯವಸ್ಥೆ ಇದೆ. ಆಸ್ಟ್ರೇಲಿಯಾದ ಟೆಲ್‌ಸ್ಟ್ರಾದವರು 2018ರಲ್ಲಿ ಅದನ್ನೂ 200ಕ್ಕೆ ಒಯ್ದರು.

ಉಳಿದ ಅಡ್ಡಿ ಒಂದೇ, ಭೂಮಿ ಗುಂಡಗಿರೋದು. 40 ಮೀಟರ್ ಟವರ್ ಬೋಟಿನವರಿಗೆ ಕಾಣೋದು ಮೂವತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೆ. ಅದಕ್ಕೇ ದಡದ ಗುಡ್ಡದ ಮೇಲೆ ಹತ್ತಿಸುತ್ತಾರೆ. ಮುಂದೆ ಮರ ಇಲ್ಲ, ಬಂಡೆ ಇಲ್ಲ, ಮೂರಂತಸ್ತಿನ ಮದುವೆ ಛತ್ರ ಇಲ್ಲ. "ನಿಮ್ಮೂರ ಪ್ರಾಬ್ಲಮ್ ಏನು ಗೊತ್ತಾ ಸರ್? ಅದು ನೆಲದ ಮೇಲಿದೆ" ಅಂದರು.

ನೆಲದ ಮೇಲಿರೋ ನಮ್ಮೂರ ಸೊಸೈಟಿ ಅಂಗಡಿಯನ್ನು ತಿಂಗಳಿಗೊಮ್ಮೆ ನೋಡಬೇಕು. ಅಕ್ಕಿ ಮೂಟೆ ಒಳಗಿರುತ್ತೆ, ಹೆಬ್ಬೆಟ್ಟಿನ ಮಷೀನ್ ಆಚೆ ಟ್ಯಾಂಕಿನ ಮೆಟ್ಟಿಲ ಮೇಲಿರುತ್ತೆ. ಅಂಗಡಿಯವನು ಒಂದು ಕೈಲಿ ಕಂಬಿ ಹಿಡಿದು, ಇನ್ನೊಂದು ಕೈಲಿ ಮಷೀನನ್ನು ಆಕಾಶಕ್ಕೆ ತೋರಿಸುತ್ತಿರುತ್ತಾನೆ. ಕಡ್ಡಿ ಒಂದು ಮೂಡಿದ ಕೂಡಲೇ "ಒತ್ತವ್ವ, ಒತ್ತವ್ವ!" ಅಂತ ಬಗ್ಗುತ್ತಾನೆ. ಕಳೆ ಕಿತ್ತೂ ಕಿತ್ತೂ ಗೆರೆ ಸವೆದ ಹೆಬ್ಬೆಟ್ಟನ್ನು ಅಜ್ಜಿ ಸೆರಗಿಗೆ ಒರೆಸಿ ಒತ್ತುತ್ತಾಳೆ. ಅಷ್ಟರಲ್ಲಿ ಕಡ್ಡಿ ಮಾಯ.

"ಯಾಕ್ಲಾ ಮಗ, ನನ್ ಹೆಬ್ಬೆಟ್ಟು ದಿಲ್ಲಿಗ್ ಓಗ್ಲಿಲ್ವಾ?"

"ಓಯ್ತಾ ಅದೆ ಕಣವ್ವ, ದಾರೀಲದೆ."

ಹಾಗಂತ ಸರ್ಕಾರ ಸುಮ್ನೆ ಕೂತಿಲ್ಲ. ಸಿಗ್ನಲ್ಲೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡೋಕೆ 2022ರಲ್ಲಿ ಕೇಂದ್ರ ಸಂಪುಟ 26,316 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ನಮ್ಮೂರು ಅಂಥ ಪಟ್ಟಿಗೆ ಸೇರೋ ಹಾಗಿಲ್ಲ. ಯಾಕಂದ್ರೆ ಕಂಪನಿಯ ಮ್ಯಾಪಿನಲ್ಲಿ ನಮ್ಮೂರಿಗೆ ಬಣ್ಣ ಬಳಿದಾಗಿದೆ. ಬಣ್ಣ ಇದ್ದ ಮೇಲೆ ಸಿಗ್ನಲ್ ಇದೆ, ಸಿಗ್ನಲ್ ಇದ್ದ ಮೇಲೆ ದೂರು ಸುಳ್ಳು. ಟ್ಯಾಂಕ್ ಹತ್ತಿ ಕಂಪ್ಲೇಂಟ್ ಕೊಟ್ಟರೆ "ಈಗ ಮಾತಾಡ್ತಾ ಇದೀರಲ್ಲ ಸರ್" ಅಂತಾರೆ.

2018ರಲ್ಲಿ ವಿಮಾನಕ್ಕೂ ಹಡಗಿಗೂ ಫೋನು, ಇಂಟರ್ನೆಟ್ ಕೊಡುವ ನಿಯಮ ಬಂತು. ಹಡಗಿನೊಳಗೇ ಪುಟ್ಟ ಟವರ್ ಇಟ್ಟು, ಸ್ಯಾಟಲೈಟ್ ಮೂಲಕ ದಡಕ್ಕೆ ಜೋಡಿಸೋದು. ವಿಮಾನದಲ್ಲಾದರೆ 3,000 ಮೀಟರ್ ಮೇಲೆ ಹೋಗಬೇಕು. ನಮ್ಮ ಟ್ಯಾಂಕನ್ನು ಅಷ್ಟು ಎತ್ತರ ಕಟ್ಟೋಕೆ ಪಂಚಾಯ್ತಿಯಲ್ಲಿ ದುಡ್ಡಿಲ್ಲ. ಉಳಿದಿದ್ದು ಹಡಗು.

ಅದಕ್ಕೇ ನನ್ನ ಮನವಿ: ಮಂಡ್ಯ ಜಿಲ್ಲೆಯನ್ನು ಕಡಲು ಅಂತ ಘೋಷಿಸಿಬಿಡಿ. ಕೆಆರ್‌ಎಸ್ 124.80 ಅಡಿ ತುಂಬಿದರೆ ಸಾಲದು, ನೀರು ಮೈಸೂರಿನ ಮಟ್ಟಕ್ಕೇ ನಿಲ್ಲಬೇಕು. ಆಗ ಚಾಮುಂಡಿ ಬೆಟ್ಟ ನೀರಿನಿಂದ ಮುನ್ನೂರು ಮೀಟರ್ ಎದ್ದಿರುತ್ತೆ. ಅದರ ತುದಿಗೊಂದು ಟವರ್ ನೆಟ್ಟರೆ ಲೆಕ್ಕದ ಪ್ರಕಾರ 70 ಕಿಲೋಮೀಟರ್ ಕ್ಲಿಯರ್. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಎಲ್ಲ ಕಡೆ ಫುಲ್ ಕಡ್ಡಿ. ಮದ್ದೂರು ವಡೆ ಸ್ವಲ್ಪ ನೆನೆದಿರುತ್ತೆ, ಅಡ್ಜಸ್ಟ್ ಮಾಡ್ಕೋಬೇಕು. ಕಬ್ಬಿನ ಬಾಕಿ ಕೇಳೋಕೆ ಫ್ಯಾಕ್ಟರಿ ಮುಂದೆ ಧರಣಿ ಕೂರೋ ಕಷ್ಟ ಇಲ್ಲ, ಫ್ಯಾಕ್ಟರಿಯೂ ತಳದಲ್ಲೇ. ತೆಪ್ಪದಲ್ಲಿ ಕೂತೇ ಅಜ್ಜಿ ಹೆಬ್ಬೆಟ್ಟು ಒತ್ತಬಹುದು.

ಕಾವೇರಿ ಗಲಾಟೆಯೂ ಬಗೆಹರಿಯುತ್ತೆ. ಕಡಲಾದ ಮೇಲೆ ನೀರು ಉಪ್ಪು ಅಲ್ವಾ? ಉಪ್ಪುನೀರನ್ನು ಇಂತಿಷ್ಟು ಟಿಎಂಸಿ ಬಿಡಿ ಅಂತ ಯಾರೂ ಕೋರ್ಟಿಗೆ ಹೋಗಲ್ಲ.